ಆರನೆಯ ಬೆನ್ನುಪಟ್ಟಿ

ಸೆಲ್ವಕ್ಕ ನನ್ನ ಎದುರು ಕೂತು ಕೊನೆಯ ಸಲ ಹೊಲಿಗೆ ಹಾಕಿದ ದಿನ ವಿಶೇಷವೇನೂ ಇರಲಿಲ್ಲ. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲು ಎಂದಿನಂತೆ ಸ್ವಲ್ಪ ತಡವಾಗಿತ್ತು. ಬಂಗಾರಪೇಟೆ ಸ್ಟೇಷನ್ ಹಿಂದಿನ ನಮ್ಮ ಬೈಂಡಿಂಗ್ ಅಂಗಡಿಗೆ ಅವಳು ಏದುಸಿರು ಬಿಡುತ್ತಾ ಬಂದು, ಟಿಫನ್ ಡಬ್ಬಿಯನ್ನು ಕಿಟಕಿಯಲ್ಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೂಜಿಗೆ ನೂಲು ಪೋಣಿಸಿದಳು. ಒಂದು ಶಾಲೆಯ ಹಾಜರಿ ಪುಸ್ತಕಗಳ ಕೆಲಸವಿತ್ತು. ಮಧ್ಯಾಹ್ನದೊಳಗೆ ಇಬ್ಬರೂ ಸೇರಿ ಹದಿನೆಂಟು ಮುಗಿಸಿದೆವು. ಊಟಕ್ಕೆ ನನ್ನ ಮುದ್ದೆ ಸಾರಿನಲ್ಲಿ ಅವಳಿಗೆ ಅರ್ಧ, ಅವಳ ನಿಂಬೆ ಅನ್ನದಲ್ಲಿ ನನಗೆ ಅರ್ಧ. ಸಂಜೆ ಹೊರಡುವಾಗ, "ಗಂಗಾ, ಕಾಲು ಊದ್ಕೊಂಡು ಚಪ್ಪಲಿ ಹಿಡೀತಾ ಇಲ್ಲ ಕಣೆ. ನಾಳೆ ಡಾಕ್ಟರ್‌ಗೆ ತೋರಿಸ್ಕೊಂಡು ಮಧ್ಯಾಹ್ನಕ್ಕೆ ಬರ್ತೀನಿ" ಅಂದಳು. ಅರ್ಧ ಹೊಲಿದ ಪುಸ್ತಕದಲ್ಲಿ ಸೂಜಿ ಚುಚ್ಚಿಟ್ಟು ರೈಲಿಗೆ ಹೋದಳು.

ಮಾರನೆಯ ದಿನ ಅವಳು ಬರಲಿಲ್ಲ. ಆಮೇಲೆ ಅಂಗಡಿಗೆ ಬರಲೇ ಇಲ್ಲ. ಆ ಪುಸ್ತಕವನ್ನು ನಾನೇ ಮುಗಿಸಿದೆ. ಅವಳ ಹೊಲಿಗೆ ಎಲ್ಲಿ ನಿಂತು ನನ್ನದು ಎಲ್ಲಿ ಶುರುವಾಯಿತು ಅಂತ ಈಗಲೂ ತೋರಿಸಬಲ್ಲೆ. ಅವಳದು ನನಗಿಂತ ಬಿಗಿ.

ನಾನು ಈ ಕೆಲಸ ಬಿಟ್ಟು ಕೆಲವು ತಿಂಗಳಾಯಿತು. ಅಂಗಡಿಗೆ ಹೊಸದಾಗಿ ಇಬ್ಬರು ಹುಡುಗಿಯರು ಸೇರಿದ್ದಾರಂತೆ. ಕೆಲಸ ನಿಜಕ್ಕೂ ಹೇಗಿತ್ತು ಅಂತ ಅವರಿಗೆ ಬರೆದುಕೊಡಿ ಎಂದು ನಮ್ಮ ಮೇಸ್ತ್ರಿಯ ಮಗ ಕೇಳಿದ. ನಾನು ಓದಿದ್ದು ಏಳನೆಯ ತರಗತಿ. ಆದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಪುಸ್ತಕಗಳ ನಡುವೆ ಕೂತಿದ್ದೇನೆ, ಬರೆಯಲು ಅಂಜಿಕೆಯಿಲ್ಲ.

ಮೇಸ್ತ್ರಿ ಅಂದರೆ ನಾರಾಯಣಪ್ಪನವರು, ಅಂಗಡಿಯ ಯಜಮಾನರು. ಮನೆಮಾತು ತೆಲುಗು. ಬೈಯುವಾಗ ತೆಲುಗು, ಕಲಿಸುವಾಗ ಕನ್ನಡ. ನಾನು ಸೇರಿದ ಮೊದಲ ತಿಂಗಳಲ್ಲೇ ಒಬ್ಬ ಪುರೋಹಿತರ ಪಂಚಾಂಗದ ಕಟ್ಟಿಗೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿಬಿಟ್ಟೆ. ಹೊರಗೆ ನೋಡಿದರೆ ಚೆನ್ನಾಗಿದೆ, ತೆರೆದರೆ ಅಕ್ಷರವೆಲ್ಲ ಶೀರ್ಷಾಸನ. ಅಳುತ್ತಾ ಕೂತೆ. ಮೇಸ್ತ್ರಿ ಬೈಯಲಿಲ್ಲ. ಒದ್ದೆ ಬಟ್ಟೆ ತಂದು ಪುಸ್ತಕದ ಬೆನ್ನಿನ ಮೇಲೆ ಹಾಸಿ, "ಕಾಯಮ್ಮಾ" ಅಂದರು. ಅರ್ಧ ಗಂಟೆಯ ಮೇಲೆ ರಟ್ಟು ತಾನಾಗಿ ಬಿಟ್ಟುಕೊಂಡಿತು, ಒಂದು ಹಾಳೆಯೂ ಹರಿಯಲಿಲ್ಲ.

"ನೋಡಿದ್ಯಾ? ಮೈದಾ ಅಂಟಿನ ಗುಣ ಅದು. ನಾವು ಕಟ್ಟಿದ್ದನ್ನ ನಾಳೆ ಇನ್ನೊಬ್ಬ ಬೈಂಡರ್ ಬಿಚ್ಚೋ ಹಾಗಿರಬೇಕು. ಬಿಚ್ಚೋಕೆ ಬರದಂಗೆ ಕಟ್ಟೋನು ಪುಸ್ತಕ ಕೊಂದಂಗೆ."

ಅವರ ಎರಡನೆಯ ನಿಯಮ ಇನ್ನೂ ಕಟ್ಟುನಿಟ್ಟು. ಪುಸ್ತಕದಲ್ಲಿ ಹಾಳೆ ಕಳೆದಿದ್ದರೆ ಅಷ್ಟೇ ಬಿಳಿ ಹಾಳೆ ಸೇರಿಸಿ ಹೊಲಿಯಬೇಕು. ಕಳೆದಿದ್ದು ಮುಂದೆ ಸಿಕ್ಕರೆ ಆ ಜಾಗದಲ್ಲಿ ಅಂಟಿಸಬಹುದು. ಅಂಚು ಎಳೆದು ಮುಚ್ಚಿ, ಏನೂ ಕಳೆದಿಲ್ಲ ಅನ್ನುವಂತೆ ಮಾಡಕೂಡದು. "ಇಲ್ಲದ್ದು ಇಲ್ಲ ಅಂತ ಕಾಣಬೇಕು" ಅನ್ನುತ್ತಿದ್ದರು.

ಸೆಲ್ವಕ್ಕ ನನಗಿಂತ ಎರಡು ವರ್ಷ ಮೊದಲು ಸೇರಿದ್ದಳು. ಮೈಸೂರು ಮೈನ್ಸ್ ಚಿನ್ನದ ಗಣಿಯ ಲೈನ್ ಮನೆಯವಳು, ಲೈನ್ ಅಂದರೆ ಗಣಿ ಕೆಲಸದವರ ಸಾಲುಮನೆ. ಗಂಡ ಗಣಿಯಲ್ಲಿದ್ದವನು, ಎದೆಯಲ್ಲಿ ದೂಳು ಕೂತು ಚಿಕ್ಕ ವಯಸ್ಸಿಗೇ ಹೋದ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಅವಳಷ್ಟು ಚೆನ್ನಾಗಿ ಕನ್ನಡ ಗಟ್ಟಿಯಾಗಿ ಓದುವವರನ್ನು ನಾನು ಕಂಡಿಲ್ಲ. ಅಳುವ ಜಾಗ ಬಂದಾಗ ಮಾತ್ರ ಅವಳಿಗೆ ತಮಿಳು ಬಂದುಬಿಡುತ್ತಿತ್ತು.

ಹೊಸ ಹುಡುಗಿಯರಿಗೆ ಒಂದು ಮಾತು. ಜನ ಯಾವ ಪುಸ್ತಕ ಓದುತ್ತಾರೆ ಅನ್ನುವುದನ್ನು ಬೈಂಡರನ್ನು ಕೇಳಬೇಕು. ರಾಬರ್ಟ್‌ಸನ್‌ಪೇಟೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಒಂದು ಖಾಸಗಿ ಲೈಬ್ರರಿಯಿತ್ತು. ಅಲ್ಲಿಂದ ಹರಿದ ಪುಸ್ತಕಗಳು ನಮ್ಮಲ್ಲಿಗೆ ಬರುತ್ತಿದ್ದವು. ದೊಡ್ಡ ದೊಡ್ಡವರ ಪುಸ್ತಕಗಳು ಹತ್ತು ವರ್ಷಕ್ಕೊಮ್ಮೆ ಬಂದರೆ ಹೆಚ್ಚು, ಅದೂ ಹುಳ ತಿಂದು. ಒಬ್ಬ ಲೇಖಕಿಯ ಪುಸ್ತಕಗಳು ಮಾತ್ರ ವರ್ಷಕ್ಕೆ ಎರಡು ಸಲ, ಬೆನ್ನು ಮುರಿದು, ಅಂಚು ಕಪ್ಪಾಗಿ, ಅರಿಶಿನದ ಬೆರಳಚ್ಚು ಮೆತ್ತಿಕೊಂಡು ಬರುತ್ತಿದ್ದವು. ಸಾಯದೆ, ಮುಪ್ಪಾಗದೆ, ರಕ್ತ ಕುಡಿದು ಬದುಕುವ ಪಿಶಾಚಿಗಳ ಕಾದಂಬರಿಗಳು. ಲೈಬ್ರರಿಗೆ ಬರುವವರು ಲೇಖಕಿಯ ಹೆಸರನ್ನೇ ಹೇಳುತ್ತಿರಲಿಲ್ಲ. "ರಕ್ತದಮ್ಮನ ಹೊಸಾದು ಬಂತಾ?" ಅಂತಲೇ ಕೇಳುತ್ತಿದ್ದರಂತೆ.

ಭಯಕ್ಕೆ ಓದುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಸೆಲ್ವಕ್ಕ ಒಂದು ದಿನ ಬಿಚ್ಚಿಟ್ಟಿದ್ದ ಕಾದಂಬರಿಯನ್ನು ನನ್ನ ಮುಂದೆ ಹಿಡಿದಳು.

"ಎಲ್ಲೆಲ್ಲಿ ಮೂಲೆ ಮಡಚವ್ರೆ ನೋಡು. ಕಚ್ಚೋ ಜಾಗದಾಗೆ ಒಂದೂ ಇಲ್ಲ. ಇಲ್ಲಿ ನೋಡು, ನಾಲ್ಕು ಜನ ಒಂದೇ ಹಾಳೆ ಮಡಚವ್ರೆ."

ಓದಿದೆ. ಆ ಪುಟದಲ್ಲಿ ಪಿಶಾಚಿ ಯಾರನ್ನೂ ಕಚ್ಚುತ್ತಿರಲಿಲ್ಲ. ನೂರು ವರ್ಷದ ಹಿಂದೆ ಸತ್ತ ಹೆಂಡತಿಯ ಬಾಚಣಿಗೆಯನ್ನು ಕೈಯಲ್ಲಿ ಹಿಡಿದು ಕೂತಿತ್ತು. ಅಷ್ಟೇ.

ಆ ಲೇಖಕಿಯ ಗುಟ್ಟು ಅದೇ ಇರಬೇಕು. ಬೇರೆಯವರ ಕತೆಯಲ್ಲಿ ಪಿಶಾಚಿ ಹೊರಗಿನಿಂದ ಕಿಟಕಿ ಬಡಿಯುತ್ತದೆ. ಈಕೆಯ ಕತೆಯಲ್ಲಿ ಅದೇ "ನಾನು" ಅಂತ ಮಾತಾಡುತ್ತದೆ. ತನ್ನವರೆಲ್ಲ ಒಬ್ಬೊಬ್ಬರಾಗಿ ಹೋಗುವುದನ್ನು ನೋಡುತ್ತಾ, ತಾನು ಮಾತ್ರ ಉಳಿದುಬಿಡುತ್ತದೆ. "ಸತ್ತೋರ್ಗೆ ಅಳೋಕೆ ಊರೆಲ್ಲ ಬರ್ತಾರೆ. ಉಳಿದೋರ ಕಷ್ಟ ಕೇಳಿದ್ದು ಈ ಅಮ್ಮ ಒಬ್ಬಳೇ ಕಣೆ" ಅಂತ ಸೆಲ್ವಕ್ಕ ಹೇಳಿದ್ದಳು. ಅವಳ ಲೈನಿನಲ್ಲಿ ಗಂಡ ಸತ್ತ ಹೆಂಗಸರು ಬಹಳ. ಅವರೆಲ್ಲ ಆ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದರು. ಓದಲು ಬಾರದವರಿಗೆ ಸೆಲ್ವಕ್ಕ ತಮಿಳಿನಲ್ಲಿ ಹೇಳುತ್ತಿದ್ದಳು. ಕತೆಯ ಬಂಗಲೆಗಳು ಮಲೆ ಸೀಮೆಯವು. ಇವರ ಕಣ್ಣಿಗೆ ಮಾತ್ರ ಅವು ನಮ್ಮ ಗಣಿ ಇಂಜಿನಿಯರುಗಳ ಹಳೆಯ ಬಂಗಲೆಗಳೇ ಆಗಿದ್ದವು. ಇಂಥ ಮನೆ, ಇಂಥ ಗೇಟು ಅಂತ ವಾದ ಮಾಡುತ್ತಿದ್ದರು.

ಒಮ್ಮೆ ಕಾಲೇಜಿನ ಮೇಷ್ಟ್ರೊಬ್ಬರು ತಮ್ಮ ಪುಸ್ತಕ ಕೊಡಲು ಬಂದವರು, ನಾನು ರಕ್ತದಮ್ಮನ ಕಾದಂಬರಿಗೆ ಕ್ಯಾಲಿಕೋ ಬಟ್ಟೆ ಅಂಟಿಸುವುದನ್ನು ಕಂಡು ನಕ್ಕರು. "ಇಂಥಾ ಹಾಳು ಪುಸ್ತಕಕ್ಕೂ ಕ್ಯಾಲಿಕೋನಾ?"

ಮೇಸ್ತ್ರಿ ತಲೆಯೆತ್ತದೆ ಹೇಳಿದರು: "ಸಾರ್, ನೀವು ಹೋದ ಸಲ ಕೊಟ್ಟ ಪುಸ್ತಕಕ್ಕೆ ಬಟ್ಟೆ ಬೇಡ, ಪೇಪರ್ ಸಾಕು. ಅದನ್ನ ಯಾರೂ ತೆಗೆಯೋದಿಲ್ಲ. ಇದು ನೂರು ಮನೆ ತಿರುಗುತ್ತೆ."

ಆವತ್ತಿನಿಂದ ಆ ಪುಸ್ತಕಗಳಿಗೆ ನಾನು ಎರಡೆಳೆ ನೂಲು ಹಾಕತೊಡಗಿದೆ. ಯಾರೂ ಹೇಳಿರಲಿಲ್ಲ. ನೂರು ಮನೆಯ ಹೆಂಗಸರ ಕೈಗೆ ಹೋಗುವ ವಸ್ತು ನನ್ನ ಕೈಯಿಂದ ಹೋಗುತ್ತದೆ ಅನ್ನುವ ಹೆಮ್ಮೆ. ಆ ಹೆಮ್ಮೆ ಈಗಲೂ ಇದೆ.

ಗಣಿ ನಿಲ್ಲುತ್ತದಂತೆ ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲದಲ್ಲಿ ಆ ಲೇಖಕಿ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿ ಶುರುಮಾಡಿದರು. ಸೆಲ್ವಕ್ಕ ಪತ್ರಿಕೆಯನ್ನು ಅಂಗಡಿಗೇ ಹಾಕಿಸಿಕೊಂಡಳು. ಪ್ರತಿ ಗುರುವಾರ ಊಟವಾದ ಮೇಲೆ ಅವಳು ಓದಬೇಕು, ನಾನು ಹೊಲಿಯುತ್ತಾ ಕೇಳಬೇಕು, ಮೇಸ್ತ್ರಿ ಕೇಳಿಸಿಕೊಳ್ಳದವರ ಹಾಗೆ ಕೇಳಬೇಕು. ಓದಿದ ಮೇಲೆ ಸಂಚಿಕೆ ಅವಳ ಮಣೆಯ ಕೆಳಗೆ ಹೋಗುತ್ತಿತ್ತು. ಮುಗಿದ ಮೇಲೆ ಎಲ್ಲ ಕಂತು ಬಿಡಿಸಿ ಒಟ್ಟಿಗೆ ಬೈಂಡ್ ಮಾಡಿಕೊಳ್ಳುವುದು ಅವಳ ಆಸೆ. ಆಗ ಎಷ್ಟೋ ಮನೆಯವರು ಧಾರಾವಾಹಿಗಳನ್ನು ಹಾಗೆ ಕಟ್ಟಿಸುತ್ತಿದ್ದರು.

ಕತೆ ಅಕ್ಕ ತಂಗಿಯರದು. ಅಕ್ಕ ದೊರೆಸಾನಿ, ರಕ್ತಪಿಶಾಚಿ, ಎಂದೂ ಇಪ್ಪತ್ತೈದು ವಯಸ್ಸು. ಬಿಸಿಲು ಬಿದ್ದರೆ ಅವಳ ಮೈ ಸುಡುತ್ತದೆ. ತಂಗಿ ಸಾಮಾನ್ಯ ಹೆಂಗಸು, ಅಕ್ಕನ ಗುಟ್ಟು ಕಾಯುತ್ತಲೇ ಮುದುಕಿಯಾಗುತ್ತಾಳೆ. ಇಪ್ಪತ್ತೆರಡನೆಯ ಕಂತಿನಲ್ಲಿ ತಂಗಿ ಹಾಸಿಗೆ ಹಿಡಿದಳು. ಅಕ್ಕ ಒಮ್ಮೆ ಕಚ್ಚಿದರೆ ತಂಗಿಯೂ ಸಾಯದವಳಾಗುತ್ತಾಳೆ. ಕಚ್ಚುತ್ತಾಳೋ ಇಲ್ಲವೋ? ಆ ವಾರವೆಲ್ಲ ಅದೇ ಮಾತು.

ಇಪ್ಪತ್ತಮೂರನೆಯ ಕಂತು ಬಂದಾಗ ಸೆಲ್ವಕ್ಕ ರಜೆಯಲ್ಲಿದ್ದಳು, ಮಗಳ ಹೆರಿಗೆ. ಲೈಬ್ರರಿಯ ಆರು ದಪ್ಪ ಪುಸ್ತಕಗಳನ್ನು ಆವತ್ತೇ ಮುಗಿಸಿ ಕೊಡಬೇಕಿತ್ತು. ಹೊಲಿದ ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ಬಟ್ಟೆ ಹಾಕುವ ಮೊದಲು ಒಂದು ಕಾಗದದ ಪಟ್ಟಿ ಅಂಟಿಸುತ್ತೇವೆ. ನಾವು ಅದನ್ನು ಬೆನ್ನುಪಟ್ಟಿ ಅನ್ನುತ್ತೇವೆ. ಅದಕ್ಕೆ ಹಳೆಯ ಪತ್ರಿಕೆಯ ರಾಶಿಯಿಂದ ಹಾಳೆ ಎಳೆದುಕೊಳ್ಳುವುದು ರೂಢಿ. ಪತ್ರಿಕೆಯ ಪುಟದಲ್ಲಿ ಮೂರು ಕಾಲಂ ಇರುತ್ತವೆ. ಕಾಲಮ್ಮುಗಳ ನಡುವಿನ ಬಿಳಿ ಗೆರೆಯ ಮೇಲೆ ಕತ್ತರಿ ಆಡಿಸಿದರೆ ಪಟ್ಟಿ ನೆಟ್ಟಗೆ ಬರುತ್ತದೆ. ಅವಸರದಲ್ಲಿ ಕೈಗೆ ಸಿಕ್ಕ ಪತ್ರಿಕೆಯ ನಡುವಿನ ಎರಡು ಹಾಳೆ ಎಳೆದೆ, ಆರು ಪಟ್ಟಿ ಕತ್ತರಿಸಿದೆ, ಆರು ಬೆನ್ನಿಗೂ ಅಂಟಿಸಿದೆ. ಪುಸ್ತಕಗಳು ಹೋದವು. ಮಾರನೆಯ ದಿನ ಗುಡಿಸುವಾಗ ಪತ್ರಿಕೆಯ ಮುಖಪುಟ ಕಂಡಿತು. ಆ ವಾರದ್ದು. ನಾನು ಕತ್ತರಿಸಿದ್ದು ಇಪ್ಪತ್ತಮೂರನೆಯ ಕಂತನ್ನೇ.

ಸೆಲ್ವಕ್ಕ ಬಂದು, "ಎಲ್ಲೇ ನನ್ನ ಈ ವಾರದ ಪತ್ರಿಕೆ?" ಅಂದಾಗ ನನ್ನ ಬಾಯಲ್ಲಿ ನಿಜ ಬರಲಿಲ್ಲ.

"ಬರ್ಲಿಲ್ಲ ಅಕ್ಕ. ಪೇಪರ್‌ನೋನು ಆಕೇ ಇಲ್ಲ."

ಅವಳು ಪೇಪರಿನವನನ್ನು ಹಿಡಿದು ಬೈದಳು. ಸ್ಟೇಷನ್ನಿನಲ್ಲಿ ಕೇಳಿದಳು, ಲೈಬ್ರರಿಯಲ್ಲಿ ಕೇಳಿದಳು. ಎಲ್ಲೂ ಇರಲಿಲ್ಲ. ಮುಂದಿನ ಕಂತಿನಲ್ಲಿ ತಂಗಿ ತೀರಿಹೋಗಿದ್ದಳು. ದೊರೆಸಾನಿಯ ಬಲಗೈ ಸುಟ್ಟಿತ್ತು. ಹೇಗೆ, ಯಾಕೆ, ಒಂದೂ ತಿಳಿಯಲಿಲ್ಲ. ಧಾರಾವಾಹಿ ಮುಗಿದ ಸ್ವಲ್ಪ ದಿನಕ್ಕೆ ಆ ಪತ್ರಿಕೆಯೇ ನಿಂತಿತು. ಲೇಖಕಿಯೂ ತೀರಿಹೋದರು. ಕತೆ ಪುಸ್ತಕವಾಗಿ ಬರಲೇ ಇಲ್ಲ.

ಎರಡು ವರ್ಷದ ಮೇಲೆ ಆ ಆರರಲ್ಲಿ ಒಂದು ಪುಸ್ತಕ ಹರಿದುಕೊಂಡು ವಾಪಸು ಬಂತು. ಬಿಚ್ಚಲು ಕೂತವಳು ಸೆಲ್ವಕ್ಕ. ಒದ್ದೆ ಬಟ್ಟೆ ಹಾಸಿ, ಕಾದು, ಬೆನ್ನುಪಟ್ಟಿ ಬಿಡಿಸಿದವಳು ಅದನ್ನು ಬೆಳಕಿಗೆ ಹಿಡಿದಳು.

"ಗಂಗಾ, ಬಾ ಇಲ್ಲಿ. ಈ ಚಿತ್ರ ನಮ್ಮ ದೊರೆಸಾನಿದಲ್ವಾ?"

ನಾನು ನೆಲ ನೋಡಿದೆ.

"ಪೇಪರ್‌ನೋನು ಹಾಕಿಲ್ಲ ಅಂದಿದ್ದೆ."

"ನಾನೇ ಕತ್ತರಿಸ್ಬಿಟ್ಟೆ ಅಕ್ಕ. ನೋಡ್ದೆ ಕತ್ತರಿಸ್ಬಿಟ್ಟೆ. ಏಳಾಕೆ ಬಾಯಿ ಬರ್ಲಿಲ್ಲ."

"ರೆಂಡು ವರ್ಷ ಕಣೆ! ರೆಂಡು ವರ್ಷದಿಂದ ಅವನ ಮುಖ ನೋಡಿಲ್ಲ ನಾನು. ಅಯ್ಯೋ, ಪಾವಂ ಅವನು."

"ತಪ್ಪಾಯ್ತಕ್ಕ."

"ನಿನ್ನ ಕತ್ತು ಕಚ್ಬೇಕು. ಆದ್ರೆ ಕಚ್ಚಿದ್ರೆ ರಕ್ತ ಎಲ್ಲಿ ಬರುತ್ತೆ, ಬರೀ ರಾಗಿ ಗಂಜಿ!"

ಮೇಸ್ತ್ರಿ ಅಂಟಿನ ಬಟ್ಟಲು ಕೆಳಗಿಟ್ಟು ನಗತೊಡಗಿದರು. ಸೆಲ್ವಕ್ಕನೂ ನಕ್ಕಳು. ನನಗೆ ಅಳು. ಮಾರನೆಯ ದಿನ ಅವಳು ಪೇಪರಿನವನಿಗೆ ಒಂದು ಡಬ್ಬಿ ಮುರುಕು ತಂದುಕೊಟ್ಟಳು. ಯಾಕೆಂದು ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.

ಅಲ್ಲಿಂದ ನಮಗೊಂದು ಹುಡುಕಾಟ ಶುರುವಾಯಿತು. ಆರು ಪುಸ್ತಕಗಳ ಹೆಸರು ಮೇಸ್ತ್ರಿಯ ಕೆಲಸದ ಪುಸ್ತಕದಲ್ಲಿದ್ದವು. ಹರಿದು ಬರುವವರೆಗೆ ಕಾಯಬೇಕು. ಬೇರೆಯವರ ಪುಸ್ತಕವನ್ನು ನಮ್ಮ ಆಸೆಗೆ ಬಿಚ್ಚಬಾರದು ಅಂತ ಮೇಸ್ತ್ರಿ ಮೊದಲೇ ಕಟ್ಟುಮಾಡಿದ್ದರು. ಕೆಲವು ವರ್ಷದಲ್ಲಿ ಇನ್ನೂ ಮೂರು ಪುಸ್ತಕ ಬಂದವು, ಮೂರರ ಬೆನ್ನಿನಲ್ಲೂ ಪಟ್ಟಿ ಹಾಗೇ ಇತ್ತು. ನೆನೆಸಿದರೆ ಎರಡು ಮಗ್ಗುಲಿನ ಅಕ್ಷರವೂ ಅಳಿಯದೆ ಬಂತು. ಮೈದಾಗೆ ಮೈಲುತುತ್ತ ಹಾಕಿ ಕಾಯಿಸಿದ ಅಂಟು ಅದು. ಹುಳವೂ ಮುಟ್ಟುವುದಿಲ್ಲ, ಬಿಡಿಸಿದರೆ ಹಟವೂ ಮಾಡುವುದಿಲ್ಲ. ಈಗಿನ ಬಿಳಿ ಗೋಂದು ಹತ್ತು ನಿಮಿಷಕ್ಕೆ ಒಣಗುತ್ತದೆ, ನಿಜ. ಆದರೆ ಒಮ್ಮೆ ಹಿಡಿದರೆ ಕಾಗದ ಸಮೇತ ಕಿತ್ತುಕೊಂಡು ಬರುತ್ತದೆ. ಈಗ ಹೊಲಿಗೆಯೂ ಇಲ್ಲ, ಬೆನ್ನು ಕೊಯ್ದು ಬಿಸಿ ಅಂಟು ಸುರಿಯುತ್ತಾರೆ. ಬೇಡ ಅನ್ನುವುದಿಲ್ಲ, ಕಾಲಕ್ಕೆ ತಕ್ಕ ಕೆಲಸ. ಅಂಥ ಪುಸ್ತಕದೊಳಗೆ ಏನಾದರೂ ಸಿಕ್ಕಿಬಿದ್ದರೆ ಅದು ಮತ್ತೆ ಈಚೆ ಬರುವುದಿಲ್ಲ, ಅದೊಂದು ತಿಳಿದಿರಲಿ.

ಗಣಿ ನಿಂತಿತು. ಲೈನುಗಳಿಂದ ಜನ ಊರು ಬಿಟ್ಟರು. ಲೈಬ್ರರಿಗೆ ಬರುವವರಿಲ್ಲದೆ ಅದೂ ಮುಚ್ಚಿತು. ಪುಸ್ತಕಗಳನ್ನು ಕ್ಯಾಸಂಬಳ್ಳಿಯಲ್ಲಿ ಹಸು ಕಟ್ಟಿಕೊಂಡಿದ್ದ ಒಬ್ಬರು ಮನೆಗೆ ಕೊಂಡುಹೋದರು ಅಂತ ತಿಳಿದು, ನಾವಿಬ್ಬರೂ ಒಂದು ಭಾನುವಾರ ಬಸ್ಸು ಹತ್ತಿದೆವು. ಮುನಿವೆಂಕಟಪ್ಪ ಅಂತ ಹೆಸರು. ಹಾಲು ಕರೆದು ಕೈ ಒರೆಸಿಕೊಳ್ಳುತ್ತಾ ಬಂದು ನಮ್ಮ ಮಾತು ಕೇಳಿದರು.

"ಅಂಗಾದ್ರೆ ನನ್ನ ಪುಸ್ತಕದ ಚರ್ಮ ಸುಲೀತೀನಿ ಅಂತೀಯಾ ತಾಯಿ?"

"ಸುಲಿಯಲ್ಲಣ್ಣ. ಬಿಚ್ಚಿ, ಪಟ್ಟಿ ತಗೊಂಡು, ಒಸ ಬಟ್ಟೆ ಆಕಿ ಕೊಡ್ತೀವಿ. ಮೊದಲಿಗಿಂತ ಗಟ್ಟಿ" ಅಂದೆ.

"ನನ್ನೆಂಡ್ರು ಇದನ್ನ ಮೂರು ಸಲ ಓದವ್ಳೆ. ಕಳ್ದೋದ್ರೆ ನನ್ನ ರಕ್ತ ಅವಳೇ ಕುಡೀತಾಳೆ."

ಒಳಗಿಂದ ಹೆಂಡತಿಯ ದನಿ ಬಂತು: "ಕೊಡಿ ಅತ್ಲಾಗೆ! ಆ ತಂಗಿ ಏನಂದ್ಲು ಅಂತ ಗೊತ್ತಾದ್ರೆ ನಂಗೂ ಏಳ್ಬೇಕು ಅಂತ ಏಳಿ."

ಅಂದರೆ ಆಕೆಯೂ ಧಾರಾವಾಹಿ ಓದಿದ್ದವಳು, ತಂಗಿಯ ಕೊನೆಯ ಮಾತು ಮಾತ್ರ ಆಕೆಗೆ ನೆನಪಿರಲಿಲ್ಲ. ಆಕೆಯ ಸಂಚಿಕೆಗಳೂ ಹಳೆ ಪೇಪರಿಗೆ ಹೋಗಿದ್ದವು. ಹಾಗೆ ಐದನೆಯ ಪಟ್ಟಿ ಸಿಕ್ಕಿತು. ಆರನೆಯ ಪುಸ್ತಕ ಆ ಮನೆಯಲ್ಲಿ ಇರಲಿಲ್ಲ. ಮೈಸೂರು ಮೈನ್ಸ್‌ನ ಒಂದು ಕುಟುಂಬ ಓದಲು ಒಯ್ದು, ಹಿಂದಿರುಗಿಸದೆ ಊರು ಬಿಟ್ಟಿತ್ತು ಅಂತ ಲೈಬ್ರರಿ ನಡೆಸುತ್ತಿದ್ದವರು ಹೇಳಿದರು. ಯಾವ ಊರಿಗೆ ಹೋದರು ಅಂತ ಅವರಿಗೂ ಗೊತ್ತಿರಲಿಲ್ಲ.

ಐದು ಪಟ್ಟಿಗಳನ್ನು ಜೋಡಿಸಿ ಸೆಲ್ವಕ್ಕ ಓದಿದಳು. ಆವತ್ತು ಗುರುವಾರವಲ್ಲ, ಆದರೂ ಮೇಸ್ತ್ರಿ ಕೆಲಸ ನಿಲ್ಲಿಸಿ ಎದುರಿಗೇ ಕೂತರು. ತಂಗಿಯ ಹಾಸಿಗೆಯ ಪಕ್ಕ ಅಕ್ಕ ಕೂತಿದ್ದಾಳೆ. ಕಿಟಕಿಗೆ ದಪ್ಪ ಪರದೆ. "ಒಂದೇ ಒಂದು ಸಲ. ನೋವಾಗುವುದಿಲ್ಲ. ನನ್ನ ಜೊತೆ ಉಳಿದುಬಿಡು" ಎಂದು ಕೇಳುತ್ತಾಳೆ. ತಂಗಿ ಅಕ್ಕನ ಕೈ ಹಿಡಿದುಕೊಳ್ಳುತ್ತಾಳೆ. ಅಲ್ಲಿಗೆ ಮೂರನೆಯ ಪುಟದ ನಡುವಿನ ಕಾಲಂ ಮುಗಿಯುತ್ತದೆ. ಮುಂದಿನದು ಆ ಪುಟದ ಕೊನೆಯ ಕಾಲಂ, ಆಮೇಲೆ ಹಾಳೆ ತಿರುವಿದರೆ ಮೊದಲ ಕಾಲಂ. ಒಂದು ಹಾಳೆಯಲ್ಲಿ ಇವೆರಡೂ ಒಂದರ ಬೆನ್ನಿಗೆ ಒಂದು ಇರುತ್ತವೆ, ಉದ್ದಕ್ಕೆ ಕತ್ತರಿಸಿದರೆ ಒಂದೇ ಪಟ್ಟಿಯಲ್ಲಿ ಹೋಗುತ್ತವೆ. ಆ ಪಟ್ಟಿಯೇ ಆರನೆಯದು. ಅದರ ಆಚೆ, ನಾಲ್ಕನೆಯ ಪುಟದ ನಡುವೆ ಕತೆ ಹೀಗೆ ಮತ್ತೆ ಶುರುವಾಗುತ್ತದೆ: "ಎಂದಳು. ನಾನು ಎದ್ದು ಪರದೆ ಸರಿಸಿದೆ. ಅರವತ್ತು ವರ್ಷಗಳ ಮೇಲೆ ಆ ಕೋಣೆಗೆ ಬಿಸಿಲು ಬಿತ್ತು."

ತಂಗಿ ಏನೋ ಹೇಳಿದಳು. ಅದನ್ನು ಕೇಳಿ, ಮೈ ಸುಡುತ್ತದೆ ಅಂತ ಗೊತ್ತಿದ್ದೂ ಅಕ್ಕ ಪರದೆ ತೆಗೆದಳು. ಏನು ಹೇಳಿದಳು?

ಸೆಲ್ವಕ್ಕನಿಗೆ ಅದು ಆಟದ ಪ್ರಶ್ನೆಯಾಗಿರಲಿಲ್ಲ. ಅವಳ ಗಂಡ ಕೊನೆಯ ದಿನ ಏನೋ ಹೇಳಲು ಬಾಯಿ ತೆರೆದಾಗ ಅವಳು ನೀರು ತರಲು ಎದ್ದು ಹೋಗಿದ್ದಳು. ಬರುವಷ್ಟರಲ್ಲಿ ಮುಗಿದಿತ್ತು. ಇದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಆ ಪಟ್ಟಿಗಳನ್ನು ಓದಿದ ದಿನ, ರೈಲಿಗೆ ಕಾಯುತ್ತಾ. ಅದಾದ ಮೇಲೆ ನಾನು ಬಂಗಾರಪೇಟೆಯಲ್ಲಿ ಹಳೆಯ ಪುಸ್ತಕ ಎಲ್ಲಿ ಕಂಡರೂ ಬೆನ್ನು ನೋಡದೆ ಬಂದವಳಲ್ಲ.

ಮೇಸ್ತ್ರಿ ಹೋದರು. ಅವರ ಮಗ ಅಂಗಡಿ ನಡೆಸಿದ. ನಾವಿಬ್ಬರೂ ಅದೇ ಮಣೆಗಳ ಮೇಲೆ ಮುದುಕಿಯರಾದೆವು. ಆಮೇಲೆ ನಾನು ಮೊದಲಲ್ಲಿ ಬರೆದ ದಿನ ಬಂತು. ಡಾಕ್ಟರು ಕಿಡ್ನಿ ಅಂದರು. ನಾಲ್ಕು ತಿಂಗಳು ಆಸ್ಪತ್ರೆಗೂ ಮನೆಗೂ ಓಡಾಡಿದಳು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ಮಧ್ಯಾಹ್ನ, ಅವಳ ಮಗಳು ಊಟಕ್ಕೆ ಹೋಗಿದ್ದಳು.

"ಸಿಕ್ತೇನೆ?" ಅಂದಳು. ಏನು ಅಂತ ಇಬ್ಬರಿಗೂ ಗೊತ್ತು.

"ಇಲ್ಲ ಅಕ್ಕ."

"ಹೋಗ್ಲಿ, ನೀನೇ ಏನಾದ್ರೂ ಹೇಳು. ಅವಳು ಏನಂದ್ಲು?"

ನನ್ನ ಬಾಯಲ್ಲಿ ಹತ್ತು ಮಾತಿದ್ದವು. ಅಷ್ಟು ವರ್ಷ ಅದನ್ನೇ ಯೋಚಿಸಿದ್ದೆ. ಒಂದನ್ನು ಹೇಳಿದ್ದರೆ ಅವಳು ನಂಬುತ್ತಿದ್ದಳು. ಒಮ್ಮೆ ಅವಳಿಗೆ ಸುಳ್ಳು ಹೇಳಿ ಎರಡು ವರ್ಷ ಬೆಂದಿದ್ದೆ. ಅವಳ ಕೈ ಹಿಡಿದುಕೊಂಡೆ.

"ಆ ಜಾಗದಾಗೆ ಬಿಳೀ ಪಟ್ಟಿ ಆಕ್ತೀನಿ ಅಕ್ಕ."

ಅವಳು ನನ್ನ ಮುಖ ನೋಡಿ, ಊದಿದ ಕೆನ್ನೆಯಲ್ಲೇ ನಕ್ಕಳು. "ನೀನು ಬೈಂಡರ್ ಕಣೆ" ಅಂದಳು. ಮೂವತ್ತು ವರ್ಷದಲ್ಲಿ ನನ್ನ ಕೆಲಸಕ್ಕೆ ಸಿಕ್ಕ ಮೆಚ್ಚುಗೆಯಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಆ ವಾರವೇ ಅವಳು ಹೋದಳು. ನಾನು ನೀರು ತರಲು ಕೂಡ ಎದ್ದಿರಲಿಲ್ಲ. ನಾನು ಅಲ್ಲಿರಲೇ ಇಲ್ಲ.

ಅವಳ ಮಗಳು ಸಂಚಿಕೆಗಳ ಕಟ್ಟನ್ನು ನನಗೆ ಕೊಟ್ಟಳು. ಕೆಲಸ ಬಿಡುವ ಮೊದಲು ನಾನು ಕಟ್ಟಿದ ಕೊನೆಯ ಪುಸ್ತಕ ಅದು. ಎರಡೆಳೆ ನೂಲು, ಸೆಲ್ವಕ್ಕನ ಬಿಗಿಯಲ್ಲಿ. ಕೆಂಪು ಕ್ಯಾಲಿಕೋ. ಮೈದಾ ಅಂಟು. ಇಪ್ಪತ್ತಮೂರನೆಯ ಕಂತಿನ ಐದು ಪಟ್ಟಿಗಳನ್ನು ತೆಳು ಕಾಗದದ ಮೇಲೆ ಜೋಡಿಸಿ, ಆರನೆಯ ಜಾಗದಲ್ಲಿ ಅದೇ ಅಗಲದ ಬಿಳಿ ಪಟ್ಟಿ ಇಟ್ಟಿದ್ದೇನೆ. ಕ್ಯಾಸಂಬಳ್ಳಿಯ ಹೆಂಗಸು ಅದನ್ನು ಒಯ್ದು ಓದಿ ತಂದುಕೊಟ್ಟಳು. ಈಗ ಸೆಲ್ವಕ್ಕನ ಲೈನಿನಲ್ಲಿ ಉಳಿದಿರುವ ನಾಲ್ಕೈದು ಮನೆಗಳಲ್ಲಿ ತಿರುಗುತ್ತಿದೆ.

ಅಂಗಡಿಗೆ ಬಂದಿರುವ ಮಕ್ಕಳೇ, ನಿಮ್ಮ ಕೈಗೆ ಒಂದು ದಪ್ಪ ಪುಸ್ತಕ ಬರಬಹುದು. ಸಂಸಾರದ ಕತೆಯ ಎರಡು ಕಾದಂಬರಿಗಳನ್ನು ಒಟ್ಟಿಗೆ ಕಟ್ಟಿದ್ದು, ಹಸಿರು ಬಟ್ಟೆಯ ಬೆನ್ನು, ಒಳರಟ್ಟಿನ ಮೇಲೆ ರಾಬರ್ಟ್‌ಸನ್‌ಪೇಟೆ ಲೈಬ್ರರಿಯ ದುಂಡು ಮೊಹರು. ಕೊಯ್ಯಬೇಡಿ. ಬೆನ್ನಿನ ಮೇಲೆ ಒದ್ದೆ ಬಟ್ಟೆ ಹಾಸಿ, ಅರ್ಧ ಗಂಟೆ ಕಾಯಿರಿ. ಅದು ನಾನು ಅಂಟಿಸಿದ್ದು, ಬಿಟ್ಟುಕೊಡುತ್ತದೆ.

ಐದು ಪಟ್ಟಿ ಸಿಕ್ಕಿವೆ. ತಂಗಿ ಹೇಳಿದ ಮಾತಿರುವ ಪಟ್ಟಿ ಇನ್ನೂ ಸಿಕ್ಕಿಲ್ಲ.